ಹೊಸ್ತಿಲ ಹತ್ತಿರದ ಚಪ್ಪಲಿ

ಯಾದಗಿರಿ
೪ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ದೇವಾಪುರದ ಸಂಗಮನಾಥರಿಗೆ ಗುರುದೇವಿಯ ಶರಣು.

ಗಂಡನ ಹೆಸರು ಬರೆದಳೆಂದು ಹುಬ್ಬು ಗಂಟಿಕ್ಕಬೇಡಿ. ಆ ಮಡಿ ನನಗೆ ಆಸ್ಪತ್ರೆಯಲ್ಲೇ ಬಿಟ್ಟುಹೋಯಿತು. ಹೈದರಾಬಾದಿಗೆ ತೋರಿಸಲು ಹೋದಾಗಲೆಲ್ಲ ಕಿಡ್ನಿ ಕೊಟ್ಟವರು ಯಾರು ಎಂದು ಕೇಳುತ್ತಾರೆ. 'ನಮ್ಮನಿಯವರು' ಎಂದರೆ ಅಲ್ಲಿಯ ನರ್ಸುಗಳಿಗೆ ತಿಳಿಯುವುದಿಲ್ಲ. ಸಂಗಮನಾಥ, ಸಂಗಮನಾಥ ಎಂದು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ. ನಿಮ್ಮ ಜೊತೆ ಬಾಳುವಾಗ ಒಂದು ಸಲವೂ ಕರೆಯದ ಹೆಸರನ್ನು ಬಿಟ್ಟು ಬಂದ ಮೇಲೆ ಊರೆಲ್ಲ ಹೇಳುತ್ತ ತಿರುಗುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನಿನ ಮಾತು ನನಗೆ ಗೊತ್ತಿಲ್ಲವೇ. ಮೊದಲ 'ಹ್ಞೂಂ'ಗೆ ಸಿಟ್ಟು ಬರುತ್ತದೆ, ಎರಡನೆಯದಕ್ಕೆ ಅಳು ಬರುತ್ತದೆ, ಮೂರನೆಯದಕ್ಕೆ ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಈ ಸಲ ಉಳಿಯಬಾರದು. ನಿಮ್ಮ ಪಕ್ಕದ ಹೊಲದ ಅಂಬ್ರಪ್ಪಣ್ಣ ಕೋರ್ಟಿನ ಕೆಲಸಕ್ಕೆ ಬಂದವರು ನನ್ನನ್ನು ನೋಡಿಹೋಗಲು ಬಂದಿದ್ದಾರೆ. ಕೆಳಗೆ ಶರೀಫಾಬೀ ಮಾಡಿಕೊಟ್ಟ ಚಹ ಕುಡಿಯುತ್ತ ಕೂತು, "ಲಗೂನ ಬರದ್ ಕೊಡವ್ವಾ, ಬಸ್ಸು ತಪ್ಪಿದ್ರ ನಾ ಶಹಾಪುರದಾಗ ಮಲಗಬೇಕಾಗ್ತದ" ಎನ್ನುತ್ತಿದ್ದಾರೆ. ಅವರ ಕೈಗೇ ಇದನ್ನು ಕೊಡುತ್ತೇನೆ.

ಶರೀಫಾಬೀ ಯಾರೆಂದು ನಿಮಗೆ ಹೇಳಿರಲಿಲ್ಲ. ಈ ಮನೆಯ ಯಜಮಾನಿ. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ನನ್ನ ಕೋಣೆ. ಇಬ್ಬರೂ ಎದುರುಬದುರು ಕೂತು ಕುಪ್ಪಸ ಹೊಲಿಯುತ್ತೇವೆ. ಅವಳ ಬಾಯಿ, ನನ್ನ ಬಾಯಿ, ಎರಡು ಮಷೀನು, ನಾಲ್ಕರಲ್ಲಿ ಯಾವುದಾದರೂ ಒಂದು ಓಡುತ್ತಲೇ ಇರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಯುಗಾದಿ ಹೊತ್ತಿಗೆ ನನ್ನ ಬಲಗಾಲಿನ ಅಂಗಾಲಿನಲ್ಲಿ, ಕಿರುಬೆರಳಿನ ಕೆಳಗೆ, ಕಡಲೆಕಾಳಿನಷ್ಟು ಒಂದು ಗಂಟು ಎದ್ದಿತು. ನೋವಿಲ್ಲ, ತುರಿಕೆ ಇಲ್ಲ. ಮಷೀನು ತುಳಿಯುವುದು ಆ ಕಾಲೇ ಆದ್ದರಿಂದ ಆಣಿ ಎಂದುಕೊಂಡೆ. ನಮ್ಮ ಕಸುಬಿನವರಿಗೆ ಕಾಲಿನ ಆಣಿ ಎಂದರೆ ಒಕ್ಕಲಿಗರಿಗೆ ಕೈಯ ಜಡ್ಡು ಇದ್ದಂತೆ, ಅದಿಲ್ಲದಿದ್ದರೆ ಕೆಲಸಗಳ್ಳರು ಎನ್ನಿಸುತ್ತದೆ. ಶರೀಫಾಬೀ ತನ್ನ ಕಾಲನ್ನು ಮೊಣಕಾಲ ಮೇಲಿಟ್ಟು ತನ್ನ ಆಣಿಯನ್ನು ಹೆಮ್ಮೆಯಿಂದ ತೋರಿಸಿದಳು. "ನನ್ನದ್ ನೋಡು ಬೇಟಿ, ಲಗ್ನಾಗಿ ಬಂದಾಗಿಂದ ಅದ. ನಿಂದು ಇನ್ನಾ ಕೂಸು" ಎಂದಳು. ಆಮೇಲೆ ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜ ಇದೆಯಲ್ಲ, ಅದನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ಒಸರಿದ ಎಣ್ಣೆಯನ್ನು ಗಂಟಿಗೆ ತಾಗಿಸಿದಳು. ನಮ್ಮ ಕಡೆ ಮುಳ್ಳಿಗೂ ಆಣಿಗೂ ಅದೇ ಔಷಧ. ನಾನೂ ಚಿಕ್ಕಂದಿನಿಂದ ಎಷ್ಟು ಸಲ ಹಚ್ಚಿಸಿಕೊಂಡಿಲ್ಲ. ಸುಟ್ಟ ಚರ್ಮ ಕಪ್ಪಾಯಿತು. ಕಪ್ಪಾದದ್ದು ಎಣ್ಣೆಯಿಂದ ಎಂದುಕೊಂಡು ಸುಮ್ಮನಿದ್ದೆವು. ಎಣ್ಣೆಯ ಕಪ್ಪಿನ ಕೆಳಗೆ ಬೇರೆ ಕಪ್ಪು ಬೆಳೆಯುತ್ತಿದ್ದುದು ಇಬ್ಬರಿಗೂ ಗೊತ್ತಾಗಲಿಲ್ಲ.

ಕಾರಹುಣ್ಣಿಮೆ ಹೊತ್ತಿಗೆ ಗಂಟು ಅಡಿಕೆಯಷ್ಟಾಯಿತು. ಪಕ್ಕದಲ್ಲಿ ಇನ್ನೆರಡು ಎದ್ದವು. ಕಾಲು ಊರಿದರೆ ನೀರು ಒಸರುತ್ತಿತ್ತು. ಆದರೂ ಹೈದರಾಬಾದಿನಲ್ಲಿ ತೋರಿಸಲಿಲ್ಲ, ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡೆ. ಕಿಡ್ನಿ ನೋಡುವವರಿಗೆ ಕಾಲಿನ ಆಣಿ ಏನು ತೋರಿಸುವುದು ಎಂದು ಒಂದು ನೆವ. ಇನ್ನೊಂದು ಆಸ್ಪತ್ರೆ, ಇನ್ನೊಂದು ಸೂಜಿ, ಇನ್ನೊಂದು ಸಲ ರೈಲಿನ ಕಿಟಕಿ ಬೇಡವೇ ಬೇಡ ಎನ್ನಿಸಿದ್ದು ನಿಜವಾದ ಕಾರಣ. ನಾನು ಕುಂಟುತ್ತ ಹೊರಡುವುದನ್ನು ಡಾಕ್ಟರಮ್ಮ ಹಿಂದಿನಿಂದ ನೋಡಿ, ಕರೆದು, ಚಪ್ಪಲಿ ಬಿಚ್ಚಿಸಿದರು.

ಗಂಟಿನ ಒಂದು ಚೂರು ಕೊಯ್ದು ಗಾಜಿನ ತಟ್ಟೆಯಲ್ಲಿಟ್ಟು ಬೆಳೆಸಿದರಂತೆ. ತಂಗಳು ರೊಟ್ಟಿಯ ಮೇಲೆ ಬೂಷ್ಟು ಬರುತ್ತದಲ್ಲ, ಹಾಗೆ, ಆದರೆ ಕರ್ರಗೆ ಬೆಳೆಯಿತಂತೆ. ಮಣ್ಣಿನಲ್ಲಿ, ಮುಳ್ಳಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ ಇರುವ ಒಂದು ಫಂಗಸ್ಸು. ಎಲ್ಲರೂ ದಿನಾ ಅದನ್ನೇ ತುಳಿದುಕೊಂಡು ಓಡಾಡುತ್ತಾರೆ, ಏನೂ ಆಗುವುದಿಲ್ಲ. ನನ್ನಂಥವರಿಗೆ, ಬೇರೆಯವರ ಕಿಡ್ನಿ ಹಾಕಿಸಿಕೊಂಡವರಿಗೆ, ಅದೂ ಅಪರೂಪಕ್ಕೆ, ಚರ್ಮದೊಳಗೆ ಹೊಕ್ಕು ಮನೆ ಮಾಡುತ್ತದಂತೆ. ಓದುವ ಡಾಕ್ಟರುಗಳು ಸಾಲಾಗಿ ಬಂದು ನನ್ನ ಕಾಲಿನ ಫೋಟೊ ತೆಗೆದುಕೊಂಡು ಹೋದರು. ನಮ್ಮ ಲಗ್ನದಲ್ಲೂ ನನ್ನ ಅಷ್ಟು ಫೋಟೊ ಯಾರೂ ತೆಗೆದಿರಲಿಲ್ಲ.

ಇದು ಕರೋನಾ ಹೊತ್ತಿನಲ್ಲಿ ಕಣ್ಣು ಕಿತ್ತ ಫಂಗಸ್ಸೇ ಎಂದು ಶರೀಫಾಬೀ ಹೆದರಿದಳು. ಅದು ಬೇರೆ, ಇದು ಬೇರೆ, ಮುಟ್ಟಿದರೆ ಅಂಟುವುದಿಲ್ಲ ಎಂದು ಹೇಳಿದೆ. ನಂಬಿದಳೋ ಇಲ್ಲವೋ, ನನ್ನ ತಾಟು ಮಾತ್ರ ಬೇರೆ ಇಡಲಿಲ್ಲ. ಕೇರೆಣ್ಣೆ ಹಚ್ಚಿದ ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತ ಆ ದಿನವೆಲ್ಲ ಗುಂಡಿ ಕಾಜ ತಪ್ಪಾಗಿ ಹೊಲಿದಳು.

ಮುಳ್ಳು ಚುಚ್ಚಿತ್ತಾ, ಹೊಲದಲ್ಲಿ ಬರಿಗಾಲಲ್ಲಿ ನಡೆದಿದ್ದೆಯಾ ಎಂದು ಡಾಕ್ಟರಮ್ಮ ಮೂರು ರೀತಿಯಲ್ಲಿ ಕೇಳಿದರು. ಯಾದಗಿರಿಯ ಓಣಿಯಲ್ಲಿ ಕೂತು ಬಟ್ಟೆ ಹೊಲಿಯುವವಳಿಗೆ ಹೊಲ ಎಲ್ಲಿಂದ ಬಂತು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಶುಕ್ರವಾರ ಗಂಟುಗಳನ್ನು ಕೊಯ್ದು ತೆಗೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಫಂಗಸ್ಸಿನ ಗುಳಿಗೆ. ಅಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಲೇ ಇರಲಿಲ್ಲ, ನುಂಗುವುದು ನನಗೆ ಹೊಸದಲ್ಲ. ಕಷ್ಟ ಇರುವುದು ಬೇರೆ ಕಡೆ. ನಾನು ಬೆಳಿಗ್ಗೆ ಸಂಜೆ ನುಂಗುವ ಕಿಡ್ನಿ ಗುಳಿಗೆ ಏನು ಮಾಡುತ್ತದೆಂದು ನಿಮಗೆ ಗೊತ್ತು. ಹೊಸ ಸೊಸೆ ಬಂದಾಗ ಮನೆಯ ನಾಯಿ ಗುರ್ರೆನ್ನುತ್ತದೆ, ಅದಕ್ಕೆ ನಾಯಿಯನ್ನು ಕಟ್ಟಿಹಾಕುತ್ತಾರೆ. ನನ್ನ ಮೈಯೊಳಗೆ ನಿಮ್ಮ ಕಿಡ್ನಿಯೇ ಹೊಸ ಸೊಸೆ. ಮೈಯ ನಾಯಿ ಅದನ್ನು ಕಚ್ಚಬಾರದೆಂದು ಗುಳಿಗೆ ಕೊಟ್ಟು ಕಟ್ಟಿಹಾಕಿದ್ದಾರೆ. ನಾಯಿ ಕಟ್ಟಿದ ಮನೆಗೆ ಕಳ್ಳ ಬಂದ. ಈಗ ಕಳ್ಳನನ್ನು ಓಡಿಸಲು ಹಗ್ಗ ಸ್ವಲ್ಪ ಸಡಿಲ ಮಾಡಬೇಕು, ಅಂದರೆ ಆ ಗುಳಿಗೆ ಕಡಿಮೆ ಮಾಡಬೇಕು ಎನ್ನುತ್ತಾರೆ. ಬಿಟ್ಟ ನಾಯಿ ಕಳ್ಳನ ಬೆನ್ನು ಹತ್ತುತ್ತದೋ, ತಿರುಗಿ ಸೊಸೆಯನ್ನೇ ಕಚ್ಚುತ್ತದೋ, ಅದನ್ನು ಯಾರೂ ಖಾತ್ರಿ ಹೇಳುವುದಿಲ್ಲ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಕಡಿಮೆ ಮಾಡದಿದ್ದರೆ ಫಂಗಸ್ಸು ಎಲುಬಿಗೆ ಇಳಿಯಬಹುದು, ಅಲ್ಲಿಂದ ಮುಂದೆ ಎಲ್ಲಿಗಾದರೂ ಹೋಗಬಹುದು, ಜೀವಕ್ಕೇ ಬರಬಹುದು. ಕಡಿಮೆ ಮಾಡಿದರೆ ಬಹಳ ಮಟ್ಟಿಗೆ ಏನೂ ಆಗಲಿಕ್ಕಿಲ್ಲ, ಆದರೆ ಕಿಡ್ನಿ ಮುನಿಸಿಕೊಂಡರೂ ಮುನಿಸಿಕೊಳ್ಳಬಹುದು. ಮುನಿಸಿಕೊಂಡರೆ ಮತ್ತೆ ಡಯಾಲಿಸಿಸ್ಸು. ನಿಮ್ಮ ಬಗಲಿಗೆ ಹಾಕಿದ ಹೊಲಿಗೆ ದಂಡ.

ಒಬ್ಬರನ್ನು ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಎಂದರು. ಕೊಟ್ಟವರನ್ನು ಎಂದೆ. ಅವರು ನಕ್ಕು, ಕೊಟ್ಟ ಮೇಲೆ ಅದು ನಿನ್ನದೇ ಅಲ್ಲವೇ ಎಂದರು. ಪಾಪ, ಅವರು ನಿಮ್ಮ ಅವ್ವನನ್ನು ನೋಡಿಲ್ಲ.

ಹಂಪಮ್ಮತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತ ಕರುಳು. ಆದರೆ ಬೆಳಗಾದರೆ "ನೀರು ಕುಡಿಯವ್ವಾ, ನನ್ನ ಮಗನ ಕಿಡ್ನಿ ಒಣಗ್ತದ" ಎಂದು ತಂಬಿಗೆ ಹಿಡಿದು ನಿಲ್ಲುವವರ ಮುಂದೆ ಸೊಸೆ ಹೇಗೆ ಇರಬೇಕು. ಈಗಲೂ ಅಂಬ್ರಪ್ಪಣ್ಣನ ಕೈಯಲ್ಲಿ ಕೇಳಿ ಕಳಿಸುತ್ತಾರೆ, "ಕಿಡ್ನಿ ಹ್ಯಾಂಗದಂತ?" ಎಂದು. ಅದು ಚೆನ್ನಾಗಿದೆ, ನಿಮ್ಮನ್ನು ಕೇಳಿತು ಎಂದು ಹೇಳಿ ಕಳಿಸುತ್ತೇನೆ.

ಊರಿನವರು ನಿಮಗೆ ಶಾಲು ಹೊದಿಸಿದರು. ಹೆಂಡತಿಗೆ ಕಿಡ್ನಿ ಕೊಟ್ಟ ಗಂಡ ಸುರಪುರ ಸೀಮೆಯಲ್ಲೇ ಇಲ್ಲ ಎಂದರು. ನಿಜ, ಆ ವಾರ್ಡಿನಲ್ಲಿ ಗಂಡನಿಗೆ ಕೊಟ್ಟ ಹೆಂಡಿರೇ ತುಂಬಿದ್ದರು, ಅವರಿಗೆ ಯಾರೂ ಟವೆಲ್ಲನ್ನೂ ಹೊದಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಪುಣ್ಯ ಮಾಡಿದ್ದಿ ಎಂದರು. ಪುಣ್ಯ ಮಾಡಿದವಳು ಸಾರಿಗೆ ಉಪ್ಪು ಹೆಚ್ಚು ಹಾಕಬಾರದು. ಪುಣ್ಯ ಮಾಡಿದವಳು ಧ್ವನಿ ಎತ್ತಬಾರದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಗಳ ಹುಟ್ಟುವ ಮೊದಲೇ ಓಣಿಯವರು ಬಂದು ತೀರ್ಪು ಹೇಳಿಬಿಡುತ್ತಿದ್ದರು. ನಿಮ್ಮ ಜೊತೆ ಮನಸಾರೆ ಜಗಳವಾಡಲು ಆಗದೆ ನಾನು ಸೋತೆ. ಬೇರೆ ಹೆಂಗಸರು ಗಂಡ ಹೊಡೆದನೆಂದು ತವರಿಗೆ ಹೋಗುತ್ತಾರೆ. ನನ್ನ ಕಾರಣವನ್ನು ಕೇಳಿದರೆ ತವರಿನವರೂ ನಗುತ್ತಾರೆಂದು ಅಲ್ಲಿಗೂ ಹೋಗಲಿಲ್ಲ, ಯಾದಗಿರಿಗೆ ಬಂದೆ.

ಕಿಡ್ನಿ ಕೊಟ್ಟೆನೆಂದು ನೀವು ಒಂದು ದಿನವೂ ಆಡಿ ತೋರಿಸಲಿಲ್ಲ. ಬೇರೇನನ್ನೂ ಆಡಲಿಲ್ಲ. ಸುರಪುರದ ಬಜಾರಿನಲ್ಲಿ ಹೊಲಿಗೆ ಅಂಗಡಿ ಹಾಕುತ್ತೇನೆ ಎಂದಾಗ ಅತ್ತೆ, "ಮೈ ನಿಂದೊಬ್ಬಾಕಿದಲ್ಲ, ಧೂಳಾಗ ಕುಂದ್ರಬ್ಯಾಡ" ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಎತ್ತಿನ ಹಗ್ಗ ನೋಡುತ್ತಿದ್ದಿರಿ. ಹಾಗಾದರೆ ಕೊಯ್ದು ವಾಪಸು ತೆಗೆದುಕೊಳ್ಳಿ ಎಂದು ಕೂಗಿದೆ. ನೀವು ಎದ್ದು ಕೊಟ್ಟಿಗೆಗೆ ಹೋದಿರಿ. ಮರುದಿನ ನನ್ನ ಟ್ರಂಕು ಬಸ್ಸಿಗೆ ಏರಿಸಿ, ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟು, "ನೀರು ಕುಡಿ" ಎಂದಿರಿ. ಶಹಾಪುರದ ತನಕ ಮೈಯೆಲ್ಲ ಉರಿಯಿತು. ಇವರಿಗೂ ಕಿಡ್ನಿಯದೇ ಚಿಂತೆ ಎಂದುಕೊಂಡೆ. ಭೀಮೆಯ ಸೇತುವೆ ಬಂದಾಗ ಬಾಯಾರಿತು, ಕುಡಿದೆ. ನೀವು ಯಾರಿಗೆ ಕುಡಿ ಎಂದಿರಿ, ನನಗೋ ಅದಕ್ಕೋ, ಇವತ್ತಿನ ತನಕ ನನಗೆ ಬಗೆಹರಿದಿಲ್ಲ.

ದಣಿದಿದ್ದೇನೆ. ಇದನ್ನು ಶರೀಫಾಬೀ ಮುಂದೆ ಹೇಳಿದರೆ ಅಳುತ್ತಾಳೆ, ಡಾಕ್ಟರಮ್ಮನ ಮುಂದೆ ಹೇಳಿದರೆ ಇನ್ನೊಂದು ಗುಳಿಗೆ ಬರೆಯುತ್ತಾರೆ. ಅಲಾರಮ್ಮಿಗೆ ಎದ್ದು ನುಂಗುವುದು, ಅಲಾರಮ್ಮಿಗೆ ಕೂತು ನುಂಗುವುದು, ಕುದಿಸಿದ ನೀರು, ಹಸಿ ಕೋಸಂಬರಿ ಬೇಡ, ಸಂತೆಯ ಗದ್ದಲ ಬೇಡ. ಬದುಕಿದ್ದೇನೆಂಬ ಸಂತೋಷವನ್ನೂ ಗಡಿಯಾರ ನೋಡಿ ಪಡಬೇಕು. ಒಂದೊಂದು ದಿನ ಮಷೀನಿನ ಮೇಲೆ ತಲೆಯಿಟ್ಟು ಹಾಗೇ ಇದ್ದುಬಿಡುತ್ತೇನೆ. ಆಗ ಶರೀಫಾಬೀ ನನ್ನ ಕುಪ್ಪಸವನ್ನೂ ತಾನೇ ಹೊಲಿದು ಮುಗಿಸುತ್ತಾಳೆ.

ಅಂಬ್ರಪ್ಪಣ್ಣ ಇನ್ನೊಂದು ಸುದ್ದಿ ಹೇಳಿದರು. ನಿಮ್ಮ ಮನೆಯ ಹೊಸ್ತಿಲ ಹತ್ತಿರ, ನಿಮ್ಮ ಚಪ್ಪಲಿಯ ಪಕ್ಕದಲ್ಲಿ, ಹೆಣ್ಣುಮಗಳ ಚಪ್ಪಲಿ ಒಂದು ಜೊತೆ ಇದೆಯಂತೆ. ಕೆಂಪು ಪಟ್ಟಿಯವಂತೆ. ಜೋಳದ ರಾಶಿಗೂ ಮುಂಚಿನಿಂದ ಅಲ್ಲೇ ಇವೆಯಂತೆ. ಯಾರವು ಎಂದು ಅತ್ತೆ ಕೇಳಿ ಕೇಳಿ ಸಾಕಾದರಂತೆ, ನೀವು ಬಾಯಿ ಬಿಡುವುದಿಲ್ಲವಂತೆ. ಒಂದು ಸಲ ಅವರು ಎತ್ತಿ ಹಿತ್ತಲಿಗೆ ಎಸೆದರೆ, ನೀವು ಹೋಗಿ ತಂದು ಒರೆಸಿ ಮತ್ತೆ ಅಲ್ಲೇ ಇಟ್ಟಿರಂತೆ. "ಸಂಗಮನಾಥ ಯಾವಾಕಿನ್ನ ನೋಡ್ಯಾನೋ ಏನೋ" ಎಂದು ಊರಿನಲ್ಲಿ ಮಾತು ಎದ್ದಿದೆಯಂತೆ. ನನಗೆ ಬೇಸರವಾಗಬಾರದೆಂದು ಅಂಬ್ರಪ್ಪಣ್ಣ ನೆಲ ನೋಡಿಕೊಂಡು ಹೇಳಿದರು. ಯಾರವೆಂದು ನಾನು ಕೇಳಲಿಲ್ಲ.

ಗುರುವಾರ ಬೆಳಗಿನ ರೈಲಿಗೆ ಹೋಗುತ್ತೇನೆ. ಜೊತೆಗೆ ಶರೀಫಾಬೀ ಬರುತ್ತಾಳೆ. ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಹೋದರೆ ನಿಮ್ಮ ಕಿಡ್ನಿ ಹೋಗುತ್ತದೆ, ಹೋದ ಮೇಲೆ ಊರವರ ಬಾಯಿಂದ ನಿಮಗೆ ತಿಳಿಯಬಾರದು, ಅಷ್ಟಕ್ಕೆ ಇಷ್ಟು ಬರೆದೆ. ನೀವು ಹೈದರಾಬಾದಿಗೆ ಬರುವುದು ಬೇಡ. ಬಿತ್ತಿದ ಹೊಲ ಬಿಟ್ಟು ಬಂದು ವರಾಂಡದಲ್ಲಿ ಮಾತಿಲ್ಲದೆ ಕೂರುವವರನ್ನು ನೋಡುವ ಶಕ್ತಿ ನನಗೂ ಇಲ್ಲ. ನೀರು ತಪ್ಪದೆ ಕುಡಿಯುತ್ತಿದ್ದೇನೆಂದು ಅತ್ತೆಯವರಿಗೆ ಹೇಳಿ. ನಿಮಗೂ ಈಗ ಇರುವುದು ಒಂದೇ, ನೀವೂ ಕುಡಿಯಿರಿ.

ಇಂತಿ, ನಿಮ್ಮದೊಂದನ್ನು ಮೈಯಲ್ಲಿಟ್ಟುಕೊಂಡು ನಿಮ್ಮಿಂದ ದೂರ ಇರುವ
ಗುರುದೇವಿ

ತಾ.ಕ.: ಕಾಗದ ಮಡಚಿಯಾಗಿತ್ತು. ಅಂಬ್ರಪ್ಪಣ್ಣ ಇನ್ನೊಂದು ಚಹ ಕೇಳಿದ್ದರಿಂದ ಮತ್ತೆ ಬಿಚ್ಚಿದೆ.

ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ, ನಿಮಗೆ ಹೇಳಲಾರೆ. ನಾನು ಬಿಟ್ಟು ಬಂದ ಮೇಲೆ, ಎಳ್ಳಮವಾಸ್ಯೆಗೆ ಪೈರಿಗೆ ಉಣಿಸುವ ಚರಗವನ್ನು ನಮ್ಮ ಹೊಲಕ್ಕೆ ಚೆಲ್ಲಿಲ್ಲ ಎಂದು ಇದೇ ಅಂಬ್ರಪ್ಪಣ್ಣ ಹಿಂದೊಮ್ಮೆ ಹೇಳಿದ್ದರು. ಗಂಡ ಚೆಲ್ಲುತ್ತ ಮುಂದೆ ಹೋಗಬೇಕು, ಹೆಂಡತಿ ಹಿಂದೆ ನೀರು ಚಿಮುಕಿಸುತ್ತ ಬರಬೇಕು, ಒಂಟಿ ಆಳು ಏನು ಚೆಲ್ಲುವುದು ಎಂದಿರಂತೆ. ಕಳೆದ ಎಳ್ಳಮವಾಸ್ಯೆಗೂ ನೀವು ಚೆಲ್ಲುವುದಿಲ್ಲವೆಂದೂ, ನಿಮ್ಮನ್ನು ತಮ್ಮ ಹೊಲಕ್ಕೇ ಊಟಕ್ಕೆ ಕರೆದಿರುವುದಾಗಿಯೂ ಆಗ ಹೇಳಿದರು. ಪೈರು ಹೊತ್ತ ಭೂಮಿ ತುಂಬಿದ ಬಸುರಿ. ಊರಿನ ಎಲ್ಲ ಹೊಲಗಳಿಗೂ ಉಣಿಸಿ ನಮ್ಮದೊಂದನ್ನು ಉಪವಾಸ ಕೆಡವುವುದೆಂದರೆ ನನಗೆ ಅನ್ನ ಇಳಿಯಲಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಬಸ್ಸು ಹತ್ತಿದೆ. ನೀವೆಲ್ಲ ಊಟಕ್ಕೆ ಕೂತ ಹೊತ್ತಿಗೆ ಬಂದು, ಬಲಗೈಯಲ್ಲಿ ನಿಮ್ಮ ಪಾಲಿನ ಚರಗ, ಎಡಗೈಯಲ್ಲಿ ನನ್ನ ಪಾಲಿನ ನೀರು, ಎರಡೂ ನಾನೇ ಮಾಡಿದೆ. ಬಸುರಿಯ ಮೈಮೇಲೆ ಚಪ್ಪಲಿ ಮೆಟ್ಟಿ ನಡೆಯುತ್ತಾರೆಯೇ. ಬೇವಿನ ಮರದ ಕೆಳಗೆ ಬಿಟ್ಟಿದ್ದೆ. ಮಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ನಡೆದೆ. ಬಡಗಣ ಬದುವಿನಲ್ಲಿ ಜಾಲಿ ಮುಳ್ಳು ನೆಟ್ಟಿತು, ಕಿತ್ತು ಒಗೆದೆ, ತುದಿ ಮುರಿದು ಒಳಗೇ ಉಳಿದಿರಬೇಕು. ಅಷ್ಟರಲ್ಲಿ ನಿಮ್ಮ ಗಾಡಿಯ ಸದ್ದು ಕೇಳಿತು. ಜೋಳದೊಳಗೆ ನುಗ್ಗಿ ಓಡಿದೆ, ಸುರಪುರದ ಬಸ್ ಸ್ಟ್ಯಾಂಡಿನ ತನಕ ಕಾಲಲ್ಲಿ ಏನೂ ಇರಲಿಲ್ಲ.

ಹಾಗಾಗಿ ಕೆಂಪು ಪಟ್ಟಿಯವು ಯಾರವೆಂದು ನನಗೆ ಗೊತ್ತು. ನಿಮಗೂ ಗೊತ್ತಿತ್ತೆಂದು ಇವತ್ತೇ ತಿಳಿಯಿತು. ಗೊತ್ತಿದ್ದೂ ಒಂದು ಮಾತಿಲ್ಲ. ಊರವರ ಬಾಯಿಗೆ ಬಿದ್ದರೂ ಎತ್ತಿಡಲಿಲ್ಲ.

ಕಿಡ್ನಿಯೂ ನಿಮ್ಮದೇ, ಮುಳ್ಳೂ ನಿಮ್ಮ ಹೊಲದ್ದೇ. ಎರಡರ ನಡುವೆ ನಾನೊಬ್ಬಳೇ ತೀರ್ಪು ಹೇಳಲಾರೆ. ತಿಳಿಸುತ್ತಿದ್ದೇನೆ ಎಂದು ಮೇಲೆ ಬರೆದದ್ದು ಜಂಬ, ಈಗ ಕೇಳುತ್ತಿದ್ದೇನೆ: ಹಗ್ಗ ಸಡಿಲ ಮಾಡಲೇ? ಗುರುವಾರ ಬೆಳಿಗ್ಗೆ ರೈಲಿನ ಹೊತ್ತಿಗೆ ಯಾದಗಿರಿ ಸ್ಟೇಷನ್ನಿಗೆ ಬನ್ನಿ. ಮಾತು ಬೇಡ, ಎದುರಿಗೆ ನಿಂತು ಹ್ಞೂಂ ಎಂದರೆ ಸಾಕು. ಬರುವಾಗ ಆ ಚಪ್ಪಲಿ ತನ್ನಿ. ಇನ್ನು ಮೇಲೆ ನಾನು ಬರಿಗಾಲಲ್ಲಿ ನಡೆಯಬಾರದಂತೆ.